ಗಲಭೆ ಕಂಡವರ ಮುಂದೆ ಗಲಭೆಯ ಕಥೆ ಓದಬಹುದಾ?

ಮಂಗಳವಾರದ ಓದು
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ಮನೆ ಓದ್ತಿದ್ದೆ, ಬರೀತಿರೋದು ಮೊದಲ ಸಲ. ಊರು ಯಾವುದು, ಗಲಭೆ ಯಾವುದು ಅಂತ ಕೇಳಬೇಡಿ, ಹೇಳಲ್ಲ.

ನಮ್ಮಲ್ಲಿ ಗಲಾಟೆ ಆಗಿ ಆರು ವರ್ಷ ಆಯ್ತು. ಈಗ ಎಲ್ಲ ಸರಿ ಇದೆ ಅನ್ನೋ ಹಾಗಿದೆ. ಅಂದ್ರೆ ಯಾರೂ ಆ ಮಾತು ಎತ್ತಲ್ಲ. ನಾವು ಹನ್ನೆರಡು ಜನ, ಎರಡೂ ಕಡೆಯವರು, ಮಂಗಳವಾರ ಸಂಜೆ ಸೇರಿ ಓದ್ತೀವಿ. ಒಬ್ಬರು ಗಟ್ಟಿಯಾಗಿ ಓದೋದು, ಉಳಿದವರು ಕೇಳೋದು. ಎರಡು ವರ್ಷ ಪ್ರವಾಸ ಕಥನ, ಹಾಸ್ಯ, ಇಂಥದ್ದೇ ನಡೀತು. ಈಚೆಗೆ ಒಂದು ಪತ್ತೇದಾರಿ ಕಾದಂಬರಿ ಅರ್ಧಕ್ಕೆ ಬಂದಿತ್ತು. ಹೋದ ವಾರ ನಾನು ಅದನ್ನ ಪಕ್ಕಕ್ಕಿಟ್ಟು, ಬೇರೆ ದೇಶದ ಒಂದು ಗಲಭೆಯ ಮೇಲಿನ ಕಥೆ ತಂದೆ, ಎಲ್ಲರಿಗೂ ಒಂದೊಂದು ಜೆರಾಕ್ಸ್ ಕೊಟ್ಟೆ. ಇಷ್ಟು ದಿನ ಸುತ್ತಿ ಬಳಸಿ ಓದಿದ್ದಾಯ್ತು, ಇನ್ನು ನೇರವಾಗಿ ನೋಡೋಣ ಅನ್ನೋದು ನನ್ನ ಯೋಚನೆ.

ಮನೆ ಸುಡೋ ಭಾಗ ಬಂತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ಅಮ್ಮ ಕನ್ನಡಕ ತೆಗೆದ್ರು, ಸೆರಗಲ್ಲಿ ಒರೆಸಿದ್ರು, ಡಬ್ಬಿಗೆ ಹಾಕಿದ್ರು. ಡಬ್ಬಿ ಮುಚ್ಚಿದ್ದು ಟಕ್ ಅಂತ ಕೇಳಿಸ್ತು. ಎದ್ದು ಹೋದ್ರು. ಓದ್ತಿದ್ದ ಹುಡುಗ ತಲೆ ಎತ್ತಲಿಲ್ಲ, ಇನ್ನೂ ನಾಲ್ಕು ಪುಟ ಓದಿದ. ಅವನನ್ನ ನಿಲ್ಲಿಸೋಕೆ ನನಗೆ ಬಾಯಿ ಬರಲಿಲ್ಲ.

ಆ ಅಮ್ಮನ ಮನೆ ಸುಟ್ಟಿತ್ತು. ನನಗೆ ಗೊತ್ತಿತ್ತು.

ಸಾಹಿತ್ಯ ಮನಸ್ಸುಗಳನ್ನ ಬೆಸೆಯುತ್ತೆ ಅಂತ ಭಾಷಣಗಳಲ್ಲಿ ಕೇಳಿದೀನಿ. ನಿಜವಾಗ್ಲೂ ಎಲ್ಲಾದ್ರೂ ಆಗಿದೆಯಾ? ನಾನು ಮಾಡಿದ್ದು ತಪ್ಪಾ?

ಸಂಶಯಪಿಶಾಚಿ
ತಪ್ಪೇ. ಗೊತ್ತಿತ್ತು ಅಂತ ನೀವೇ ಬರೆದಿದೀರಿ. ಹಿಂದಿನ ದಿನ ಹೋಗಿ "ಅಮ್ಮಾ, ನಾಳೆ ಇಂಥ ಕಥೆ" ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?

ಉಳಿದದ್ದು ಹೇಳ್ತೀನಿ ಕೇಳಿ. ಸಾಹಿತ್ಯ ಗಾಯ ಮಾಯಿಸುತ್ತೆ ಅನ್ನೋದು ಸಾಹಿತಿಗಳೇ ಹಬ್ಬಿಸಿರೋ ಸುದ್ದಿ. ಗಾಯ ಮಾಯಿಸೋದು ನ್ಯಾಯ, ಪರಿಹಾರ, ಕಾಲ. ಬೋಸ್ನಿಯಾ ಯುದ್ಧದಲ್ಲಿ ಸರ್ಬರ ನಾಯಕನಾಗಿದ್ದ ರಾಡೋವಾನ್ ಕರಾಜಿಚ್ ಮೊದಲು ಏನಾಗಿದ್ದ ಗೊತ್ತಾ? ಕವಿ. ಸಂಕಲನಗಳು ಬಂದಿದ್ವು. ಹೇಗ್‌ನ ನ್ಯಾಯಾಲಯ 2016ರಲ್ಲಿ ನರಮೇಧದ ಅಪರಾಧಕ್ಕೆ 40 ವರ್ಷ ಶಿಕ್ಷೆ ಕೊಡ್ತು, 2019ರ ಮೇಲ್ಮನವಿಯಲ್ಲಿ ಅದು ಜೀವಾವಧಿ ಆಯ್ತು. ರವಾಂಡಾದ ಸಿಮೋನ್ ಬಿಕಿಂಡಿ ಹೆಸರಾಂತ ಹಾಡುಗಾರ, 1994ರ ನರಮೇಧಕ್ಕೆ ಪ್ರಚೋದಿಸಿದ್ದಕ್ಕೆ 2008ರಲ್ಲಿ 15 ವರ್ಷ ಶಿಕ್ಷೆ. ಪದ ಕಟ್ಟೋರು ಬೆಂಕಿ ಹಚ್ಚೋದ್ರಲ್ಲೂ ಮುಂದೆ.

ಬಯಲುಸೀಮಿ
ಸಂಶಯಪಿಶಾಚಿಯವರ, ಕರಾಜಿಚ್ ಮನೋವೈದ್ಯನೂ ಆಗಿದ್ದ ನೋಡ್ರಿ. ಹಂಗಂತ ದವಾಖಾನಿ ಎಲ್ಲಾ ಮುಚ್ಚೂಣೇನು?

ಸಂಶಯಪಿಶಾಚಿ
ಹ್ಹ. ಅದು ಸರಿ. ಆದ್ರೆ ದವಾಖಾನೆಯವರು ತಾವು ಮಾಡಿದ ಆಪರೇಷನ್‌ಗೆ ಲೆಕ್ಕ ಇಡ್ತಾರೆ. ಕಥೆಗಾರರು ಇಡ್ತಾರಾ?

ಅಡಿಟಿಪ್ಪಣಿ
ಮೂಲ ಪ್ರಶ್ನೆಗೆ ಬರ್ತೀನಿ. ಇದು ಎರಡೂವರೆ ಸಾವಿರ ವರ್ಷ ಹಳೇ ಜಗಳ. ಕ್ರಿ.ಪೂ. 494ರಲ್ಲಿ ಪರ್ಷಿಯದ ಸೇನೆ ಮಿಲೆಟಸ್ ಪಟ್ಟಣವನ್ನ ಹಾಳುಗೆಡವಿತು. ಅಥೆನ್ಸಿನವರಿಗೆ ಅದು ನೆಂಟರ ಊರಿದ್ದ ಹಾಗೆ. ಕೆಲವೇ ವರ್ಷದಲ್ಲಿ ಫ್ರಿನಿಕಸ್ ಅನ್ನೋ ನಾಟಕಕಾರ ಅದನ್ನೇ ರಂಗಕ್ಕೆ ತಂದ. ನೋಡೋಕೆ ಬಂದವರೆಲ್ಲ ಅತ್ತುಬಿಟ್ರು. ಅವನಿಗೆ ಸಿಕ್ಕಿದ್ದು ಸಾವಿರ ದ್ರಾಕ್ಮಾ ದಂಡ! ನಮ್ಮ ಸಂಕಟ ನಮಗೇ ನೆನಪು ಮಾಡಿಕೊಟ್ಟ ಅನ್ನೋದು ಆರೋಪ. ಆ ನಾಟಕ ಇನ್ನು ಮುಂದೆ ಯಾರೂ ಆಡಬಾರದು ಅಂತ ಕಟ್ಟಪ್ಪಣೆ ಬೇರೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ.

ಮುಂದೆ ಕ್ರಿ.ಪೂ. 472. ಸಲಾಮಿಸ್‌ನ ನೌಕಾಯುದ್ಧ ಮುಗಿದು ಎಂಟು ವರ್ಷ. ಈಸ್ಕಿಲಸ್ 'ಪರ್ಷಿಯನ್ನರು' ಅಂತ ನಾಟಕ ಬರೀತಾನೆ. ಇವನು ಮ್ಯಾರಥಾನ್ ಕದನದಲ್ಲಿ ಪರ್ಷಿಯನ್ನರ ಎದುರು ಸ್ವತಃ ಕಾದಾಡಿದವನು, ಒಡಹುಟ್ಟಿದವನನ್ನ ಅಲ್ಲೇ ಕಳಕೊಂಡವನು. ಆದ್ರೂ ನಾಟಕ ಪೂರ್ತಿ ನಡೆಯೋದು ಶತ್ರುವಿನ ರಾಜಧಾನಿಯಲ್ಲಿ. ಸೋತ ದೊರೆಯ ತಾಯಿ ಕಾಯ್ತಾ ಕೂತಿದ್ದಾಳೆ, ದೂತ ಬಂದು ಸತ್ತವರ ಹೆಸರು ಒಂದೊಂದಾಗಿ ಹೇಳ್ತಾನೆ. ಅದಕ್ಕೆ ಮೊದಲ ಬಹುಮಾನ.

ಸ್ವಂತ ಗಾಯ ತೋರಿಸಿದವನಿಗೆ ದಂಡ, ಎದುರಾಳಿಯ ತಾಯಿಯನ್ನ ತೋರಿಸಿದವನಿಗೆ ಬಹುಮಾನ. ನಿಮ್ಮ ಮಂಗಳವಾರದ ಕಥೆ ಮೊದಲನೇ ಜಾತಿಯದ್ದಾಯ್ತು ಅನಿಸುತ್ತೆ.

ರಂಗದ ಹಿಂದೆ
ಅಡಿಟಿಪ್ಪಣಿ ಸರ್, ಒಂದು ಮುಖ್ಯ ವಿಷಯ ಬಿಟ್ರಿ. ಸಲಾಮಿಸ್‌ನಲ್ಲಿ ಗೆದ್ದಿದ್ದು ಅಥೆನ್ಸು. ಗೆದ್ದವರು ಸಾಲಾಗಿ ಕೂತು ಸೋತವರ ಅಳು ನೋಡಿದ್ರು. ಕಣ್ಣೀರು ಹಾಕಿದ್ರೋ, ಒಳಗೊಳಗೇ ಖುಷಿಪಟ್ರೋ, ನಮಗೆ ಹೇಗೆ ಗೊತ್ತಾಗಬೇಕು?

ಅಡಿಟಿಪ್ಪಣಿ
ಒಪ್ಪಿದೆ. ಎರಡೂ ಇದ್ದಿರಬಹುದು.

ಹಳೆ ಹೊತ್ತಗೆ
ಗ್ರೀಸಿಗೆ ಯಾಕೆ ಹೋಗ್ತೀರಿ ಸ್ವಾಮಿ, ನಮ್ಮ ರನ್ನ ಇಲ್ಲವೇ? ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣನ ಹೆಣ, ತಮ್ಮ ದುಶ್ಶಾಸನನ ಹೆಣ, ಕರ್ಣನ ಹೆಣ. ಅವರ ನಡುವೆ ಅಭಿಮನ್ಯುವಿನ ಹೆಣವೂ ಸಿಗುತ್ತದೆ. ಅವನು ಶತ್ರುವಿನ ಮಗ, ಸಾಯಿಸಿದ್ದು ಇವನ ಕಡೆಯವರೇ. ಅಲ್ಲಿ ನಿಂತು ಕೈಮುಗಿದು, ನಿನ್ನ ಸಾಹಸದ ಒಂದು ಪಾಲಾದರೂ ನನ್ನ ಸಾವಿಗೆ ಸಿಗಲಿ ಎಂದು ಬೇಡಿಕೊಳ್ಳುತ್ತಾನೆ. ಈ ಪದ್ಯವನ್ನು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದೆವು, ಅರ್ಥ ತಿಳಿದದ್ದು ಐವತ್ತು ದಾಟಿದ ಮೇಲೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಇದು ಸಾಧ್ಯವಾಗಿತ್ತು.

ಸಂಶಯಪಿಶಾಚಿ
ಕೈಮುಗಿದ ಮೇಲೆ ಏನ್ ಮಾಡಿದ ಸರ್? ಗದೆ ಹಿಡಿದು ಹೋಗಿ ಭೀಮನ ಜೊತೆ ಹೊಡೆದಾಡಿದ. ಅದಕ್ಕೇ ಪುಸ್ತಕದ ಹೆಸರು ಗದಾಯುದ್ಧ, ಗದಾಸಂಧಾನ ಅಲ್ಲ.

ಹಳೆ ಹೊತ್ತಗೆ
ನಿಮ್ಮ ಹೆಸರು ಸುಮ್ಮನೆ ಇಟ್ಟುಕೊಂಡದ್ದಲ್ಲ ಎಂದು ಗೊತ್ತಾಯಿತು.

ಇರುಳೋದು
ಅವರು ಹೇಳಿದ್ದರಲ್ಲೂ ಹುರುಳಿದೆ. ಮಹಾಭಾರತದ ಸ್ತ್ರೀಪರ್ವವನ್ನೇ ತಗೊಳ್ಳಿ. ಗಾಂಧಾರಿ ಯುದ್ಧಭೂಮಿ ನೋಡ್ತಾ ಎರಡೂ ಕಡೆಯ ಹೆಂಗಸರ ಗೋಳು ಹೇಳ್ತಾಳೆ, ತನ್ನ ಸೊಸೆಯರದ್ದೂ, ಅಭಿಮನ್ಯುವಿನ ಹೆಂಡತಿ ಉತ್ತರೆಯದ್ದೂ. ಅಷ್ಟೆಲ್ಲ ಹೇಳಿ ಕೊನೆಗೆ ಮನಸ್ಸು ಹಗುರ ಆಯ್ತಾ? ಇಲ್ಲ, ಕೃಷ್ಣನಿಗೆ ಶಾಪ ಕೊಟ್ಟಳು. ದುಃಖ ಮಾತಾಗಿ ಹೊರಗೆ ಬಂದ್ರೆ ಸಮಾಧಾನವೇ ಆಗಬೇಕು ಅಂತ ಎಲ್ಲಿದೆ? ಶಾಪವೂ ಆಗುತ್ತೆ. ಅದನ್ನ ತಿದ್ದದೆ ಹಾಗೇ ಇಟ್ಟುಕೊಂಡು ಬಂದಿದ್ದಾರಲ್ಲ, ನನಗೆ ಅದು ದೊಡ್ಡದು ಅನಿಸುತ್ತೆ.

ಚುಟುಕ
ಕನ್ನಡದಲ್ಲಿ 'ಕಲೆ' ಅಂದ್ರೆ ಆರ್ಟೂ ಹೌದು, ಗಾಯ ಮಾಯ್ದ ಮೇಲೆ ಉಳಿಯೋ ಗುರುತೂ ಹೌದು. ಯೋಚ್ನೆ ಮಾಡಿ.

ಬಯಲುಸೀಮಿ
ಇದನ್ನ ಯಾರರ ಹೇಳೇ ಹೇಳ್ತಾರ ಅಂತ ಕಾಯಕತ್ತಿದ್ದೆ.

ದುಭಾಷಿ
ನಾನು ವೃತ್ತಿಯಿಂದ ಅನುವಾದಕಿ. ಹಾಗಾಗಿ ನನಗೆ ಬೇರೆಯದೇ ಒಂದು ಕಡೆಯಿಂದ ಕಾಣುತ್ತದೆ, ಸ್ವಲ್ಪ ಉದ್ದ ಆಗುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿದ ಮೇಲೆ ಡೆಸ್ಮಂಡ್ ಟುಟು ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗ ಬಂತು. 1996ರ ಏಪ್ರಿಲ್‌ನಲ್ಲಿ ಸಾರ್ವಜನಿಕ ವಿಚಾರಣೆ ಶುರು. 21,000ಕ್ಕೂ ಹೆಚ್ಚು ಜನ ಹೇಳಿಕೆ ಕೊಟ್ಟರು. ಅಲ್ಲಿ ಒಂದು ನಿಯಮ: ದುಭಾಷಿಗಳು "ಅವರು ಹೀಗೆ ಹೇಳುತ್ತಿದ್ದಾರೆ" ಅನ್ನುವ ಹಾಗಿಲ್ಲ, "ನಾನು" ಅಂತಲೇ ಹೇಳಬೇಕು. ಹೊಡೆಸಿಕೊಂಡವನ ಮಾತಿಗೂ ನಾನು, ಹೊಡೆದವನ ಮಾತಿಗೂ ನಾನು. ಬೆಳಗ್ಗೆ "ನನ್ನ ಮಗನನ್ನು ಕೊಂದರು", ಮಧ್ಯಾಹ್ನ "ನಾನು ಗುಂಡು ಹಾರಿಸಿದೆ". ತಿಂಗಳುಗಟ್ಟಲೆ ಈ ಕೆಲಸ ಮಾಡಿದವರು ಒಳಗೇ ಕುಸಿದುಹೋದರು. ಕವಿ ಆಂಟ್ಯಿ ಕ್ರೋಗ್ ಆಗ ರೇಡಿಯೋ ವರದಿಗಾರ್ತಿ, 1998ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದೆಲ್ಲ ಇದೆ.

ನಾನು ಹೇಳಬೇಕೆಂದಿರುವುದು ಇನ್ನೊಂದು. 1986ರ ಮಾರ್ಚ್‌ನಲ್ಲಿ ಗುಗುಲೆಟು ಎಂಬಲ್ಲಿ ಪೊಲೀಸರು ಏಳು ಯುವಕರನ್ನು ಕೊಂದಿದ್ದರು. ಅವರಲ್ಲಿ ಒಬ್ಬನ ತಾಯಿ ಆಯೋಗದ ಮುಂದೆ ಬಂದು ಷೋಸಾ ಭಾಷೆಯಲ್ಲಿ ಮಾತಾಡಿದಳು. ನಡುವೆ ಒಂದು ಮೇಕೆಯ ಪ್ರಸ್ತಾಪ. ಇಂಗ್ಲಿಷ್ ದಾಖಲೆಯಲ್ಲಿ ಅದು ತಲೆಬುಡ ಇಲ್ಲದ ಮಾತಿನ ಹಾಗೆ ಕಾಣುತ್ತಿತ್ತು. ದುಃಖದಲ್ಲಿ ಏನೋ ಬಡಬಡಿಸಿದಳು ಅಂತಲೇ ಓದಿದವರಿಗೆ ಅನಿಸಬೇಕು. ಎಷ್ಟೋ ವರ್ಷ ಬಿಟ್ಟು ಕ್ರೋಗ್ ಮತ್ತು ಇಬ್ಬರು ಸಹೋದ್ಯೋಗಿಗಳು ಮೂಲ ಧ್ವನಿಮುದ್ರಣವನ್ನು ಮತ್ತೆ ಕೇಳಿ, ಪದ ಪದ ಬಿಡಿಸಿದರು. ಆಕೆ ಹೇಳಿದ್ದು ಸಾವಿನ ಸುದ್ದಿಗೆ ಮುಂಚೆ ಬಿದ್ದ ಒಂದು ಕನಸಿನ ಬಗ್ಗೆ. ಆಕೆಯ ಜನಕ್ಕೆ ಅದು ಕೇಡಿನ ಮುನ್ಸೂಚನೆ. ಮಾತು ನೆಟ್ಟಗೇ ಇತ್ತು, ಭಾಷಾಂತರ ಮಾಡುವಾಗ ಸೋರಿಹೋಗಿತ್ತು. 2009ರಲ್ಲಿ ಆ ಒಂದು ಹೇಳಿಕೆಯ ಮೇಲೆಯೇ ಇಡೀ ಪುಸ್ತಕ ಬರೆದರು.

ಸಾಹಿತ್ಯದ ಪಾತ್ರ ಏನು ಅಂತ ನನ್ನನ್ನು ಕೇಳಿದರೆ ಇದು: ಮೇಕೆಯ ಮಾತು ಬಂದಾಗ ಬಡಬಡಿಕೆ ಅಂತ ಅಳಿಸದೆ, ಇಲ್ಲೇನೋ ಇದೆ ಅಂತ ಹತ್ತು ಸಲ ಕೇಳಿಸಿಕೊಳ್ಳುವುದು. ಕೋರ್ಟಿಗೆ ಅದಕ್ಕೆ ಪುರುಸೊತ್ತಿಲ್ಲ.

ಇರುಳೋದು
ದುಭಾಷಿ ಮೇಡಂ, ಈ ಪೋಸ್ಟನ್ನ ಎರಡು ಸಲ ಓದಿದೆ.

ಕಾಲಂ ನಂಬರ್ ಎಂಟು
ಆದರೂ ಒಂದು ತಕರಾರು. ಅದೇ ಆಯೋಗದ ಮುಂದೆ ಕ್ಷಮಾದಾನಕ್ಕೆ ಅರ್ಜಿ ಹಾಕಿದವರು 7,112. ಸಿಕ್ಕಿದ್ದು 849 ಜನಕ್ಕೆ. ಅರ್ಜಿ ತಿರಸ್ಕಾರ ಆದವರಲ್ಲಿ ಎಷ್ಟೋ ಜನರ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ ಅನ್ನೋ ಸಿಟ್ಟು ಸಂತ್ರಸ್ತರ ಮನೆಗಳಲ್ಲಿ ಇವತ್ತಿಗೂ ಇದೆ. ಪುಸ್ತಕ ಬಂತು, ಬಹುಮಾನ ಬಂತು, ತಾಯಂದಿರಿಗೆ ಏನು ಬಂತು?

ಸಂಶಯಪಿಶಾಚಿ
ಇದೇ! ಇದನ್ನೇ ನಾನು ಮೊದಲ ಪೋಸ್ಟಲ್ಲಿ ಹೇಳಿದ್ದು.

ದುಭಾಷಿ
ಪರಿಹಾರದ ಬದಲು ಪುಸ್ತಕ ಕೊಡಿ ಅಂತ ನಾನೆಲ್ಲಿ ಹೇಳಿದೆ?

ಲೆಕ್ಕ ಪಕ್ಕಾ
ಸಂಶಯಪಿಶಾಚಿ ಲೆಕ್ಕ ಕೇಳಿದ್ರಲ್ಲ, ಇಲ್ಲಿದೆ. ರವಾಂಡಾದಲ್ಲಿ 2004ರಿಂದ 'ಮುಸೆಕೆವೆಯಾ' ಅಂತ ರೇಡಿಯೋ ಧಾರಾವಾಹಿ ಬರ್ತಿತ್ತು. ಹೊಸ ಬೆಳಗು ಅಂತ ಅರ್ಥ. ಎರಡು ಕಾಲ್ಪನಿಕ ಹಳ್ಳಿ, ಜಮೀನಿನ ಜಗಳ, ಎರಡೂ ಕಡೆ ಕಿಡಿ ಹಚ್ಚೋ ನಾಯಕರು, ನಡುವೆ ಒಂದು ಪ್ರೇಮ. ಹುಟು, ಟುಟ್ಸಿ ಅನ್ನೋ ಅಲ್ಲಿನ ಎರಡು ಪಂಗಡಗಳ ಹೆಸರೇ ಇಲ್ಲ. 1994ರ ನರಮೇಧದಲ್ಲಿ ಜನರನ್ನ ಕೊಲೆಗೆ ಎತ್ತಿಕಟ್ಟಿದ್ದೂ ರೇಡಿಯೋನೇ, ಅದೇ ಮಾಧ್ಯಮದಲ್ಲಿ ಇದು. ಎಲಿಜಬೆತ್ ಲೆವಿ ಪಾಲಕ್ ಅನ್ನೋ ಮನಶ್ಶಾಸ್ತ್ರಜ್ಞೆ ಒಂದು ವರ್ಷ ಪ್ರಯೋಗ ಮಾಡಿದ್ರು: ಕೆಲವು ಗುಂಪಿಗೆ ಈ ಧಾರಾವಾಹಿ, ಬೇರೆ ಗುಂಪಿಗೆ ಆರೋಗ್ಯದ ಬಗ್ಗೆ ಒಂದು ಧಾರಾವಾಹಿ. 2009ರಲ್ಲಿ ಫಲಿತಾಂಶ ಪ್ರಕಟ ಆಯ್ತು.

ಕೇಳಿದವರ ಸ್ವಂತ ನಂಬಿಕೆಗಳು ಹೆಚ್ಚು ಕಡಿಮೆ ಇದ್ದ ಹಾಗೇ ಇದ್ವು. ಬದಲಾಗಿದ್ದು "ನಮ್ಮ ಜನ ಏನು ಮಾಡ್ತಾರೆ, ಏನು ಮಾಡೋದು ಸರಿ" ಅನ್ನೋ ಅಂದಾಜು. ಜೊತೆಗೆ ಒಪ್ಪದೇ ಇದ್ದಾಗ ಬಾಯಿ ಬಿಟ್ಟು ಹೇಳೋ ಧೈರ್ಯ.

ಸಂಶಯಪಿಶಾಚಿ
ಅಂದ್ರೆ ಮನಸ್ಸು ಬದಲಾಗಲಿಲ್ಲ.

ಲೆಕ್ಕ ಪಕ್ಕಾ
ಹೌದು. ಆದ್ರೆ ಕಲ್ಲು ಎಸೆಯೋನು ಮನಸ್ಸನ್ನ ಕೇಳಿ ಎಸೆಯಲ್ಲ, ಪಕ್ಕದವನ ಮುಖ ನೋಡಿ ಎಸೀತಾನೆ.

ಚುಟುಕ
ಕಾದಂಬರಿ ಓದಿದ್ರೆ ಬೇರೆಯವರ ಮನಸ್ಸು ಅರ್ಥ ಆಗುತ್ತೆ ಅಂತ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲೇ ಬಂದಿತ್ತಲ್ಲ?

ಲೆಕ್ಕ ಪಕ್ಕಾ
ಬಂದಿತ್ತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ವಾಟ್ಸಾಪಲ್ಲಿ ಮಾತ್ರ ಇನ್ನೂ ಓಡ್ತಿದೆ.

ಕರಾವಳಿ ಓದುಗ
ಮಾರಾಯ್ರೆ, ಲೆಕ್ಕ ಎಲ್ಲ ಇರ್ಲಿ. ಪ್ರಿಮೋ ಲೆವಿಯ ಕಥೆ ಯಾರೂ ಹೇಳ್ಲೇ ಇಲ್ವಲ್ಲ. ನಾಜಿಗಳ ಆಶ್‌ವಿಟ್ಜ್ ಸಾವಿನ ಶಿಬಿರದಿಂದ ಬದುಕಿ ಬಂದ ಇಟಲಿಯ ರಸಾಯನ ತಜ್ಞ ಅವ. ಬಂದವನೇ ಅಲ್ಲಿಯ ಅನುಭವ ಬರ್ದ. ದೊಡ್ಡ ಪ್ರಕಾಶಕರು ಬೇಡ ಅಂದ್ರು, ಸಣ್ಣವರೊಬ್ರು 1947ರಲ್ಲಿ 2,500 ಪ್ರತಿ ಹಾಕಿದ್ರು. ಅದೂ ಪೂರ್ತಿ ಖರ್ಚಾಗ್ಲಿಲ್ಲ. ಯುದ್ಧ ಈಗಷ್ಟೇ ಮುಗ್ದಿತ್ತು, ಯಾರಿಗೆ ಬೇಕಿತ್ತು ಆ ನೆನಪು? ಬೇಡ ಅಂದಿದ್ದ ಅದೇ ದೊಡ್ಡ ಪ್ರಕಾಶಕರು 1958ರಲ್ಲಿ ತೆಗೊಂಡ್ರು.

ಮುಂದಿನದ್ದು ಕೇಳಿ. ಜರ್ಮನ್‌ಗೆ ಅನುವಾದ ಆಗ್ತದೆ ಅಂತ ಗೊತ್ತಾದಾಗ ಇವನಿಗೆ ಒಳಗೊಳಗೆ ಹೆದರಿಕೆ, ಎಲ್ಲಿ ತಿರುಚಿ ಬಿಡ್ತಾರೋ ಅಂತ. ಅನುವಾದಕ ಹೈನ್ಸ್ ರೀಟ್ ಯಾರು ಅಂತ ನೋಡಿದ್ರೆ, ಜರ್ಮನ್ನನೇ ಆಗಿ ಇಟಲಿಯಲ್ಲಿ ನಾಜಿಗಳ ವಿರುದ್ಧ ಹೋರಾಡಿದವ! ಇಬ್ರೂ ಒಂದೊಂದು ಪದಕ್ಕೆ ಕಾಗದ ಬರ್ದು ಚರ್ಚೆ ಮಾಡಿದ್ರು. ಶಿಬಿರದ ಕಾವಲಿನವರು ಬೈತಿದ್ದ ಒರಟು ಜರ್ಮನ್ ರೀಟ್‌ಗೆ ಗೊತ್ತಿಲ್ಲ, ಲೆವಿಯ ಕಿವಿಯಲ್ಲಿ ಅದು ಹಾಗೇ ಕೂತಿತ್ತು. ಅದನ್ನ ಮತ್ತೆ ಜರ್ಮನ್‌ಗೇ ಸೇರಿಸ್ಬೇಕು ಅಂತ ಲೆವಿಯ ಹಟ. 1961ರಲ್ಲಿ ಪುಸ್ತಕ ಬಂತು. ಸುಮಾರು 40 ಜರ್ಮನ್ ಓದುಗರು ಲೆವಿಗೆ ಕಾಗದ ಬರ್ದ್ರು. ಇವ ಉತ್ತರ ಕೊಟ್ಟ. ಕೆಲವರ ಕಾಗದ ಓದಿ ಸಿಟ್ಟು ಬಂತು, ಒಬ್ರ ಜೊತೆ ವರ್ಷಗಟ್ಲೆ ಸ್ನೇಹ ಆಯ್ತು. ಸಾಯುವ ಒಂದು ವರ್ಷ ಮೊದಲು, 1986ರಲ್ಲಿ ಬಂದ ಪುಸ್ತಕದ ಕೊನೆಗೆ ಆ ಕಾಗದಗಳದ್ದೇ ಒಂದು ಅಧ್ಯಾಯ ಉಂಟು. ಆದ್ರೆ ಅವ ಎಲ್ಲಿಯೂ "ಕ್ಷಮಿಸಿದೆ" ಅಂತ ಹೇಳಿದವ ಅಲ್ಲ. ಅರ್ಥ ಮಾಡ್ಕೊಳ್ಬೇಕು ಅಂತಿದ್ದ, ಅಷ್ಟೇ.

ಕಾಲಂ ನಂಬರ್ ಎಂಟು
ಆ ನಲವತ್ತು ಕಾಗದ ಬರೆದವರು ಮೊದಲೇ ಒಳ್ಳೆಯವರು. ಕೊಂದವರು ಪುಸ್ತಕದ ಅಂಗಡಿಗೆ ಹೋಗಲ್ಲ ರೀ.

ಕರಾವಳಿ ಓದುಗ
ಅದು ಹೌದು. ಲೆವಿಗೂ ಗೊತ್ತಿತ್ತು ಅದು.

ರಂಗದ ಹಿಂದೆ
ಕೊಂದವರು ಬರೋದಿಲ್ಲ ಅನ್ನೋ ಮಾತಿಗೆ: ಅಮೆರಿಕದಲ್ಲಿ 2008ರಿಂದ ಬ್ರಯಾನ್ ಡೋರಿಸ್ ಎಂಬ ನಿರ್ದೇಶಕ ಪ್ರಾಚೀನ ಗ್ರೀಸಿನ ಸೊಫೊಕ್ಲಿಸ್‌ನ 'ಏಜಾಕ್ಸ್' ನಾಟಕವನ್ನ ಯುದ್ಧದಿಂದ ಮರಳಿದ ಸೈನಿಕರ ಮುಂದೆ, ಅವರ ಹೆಂಡತಿಯರನ್ನೂ ಕೂರಿಸಿ, ಓದಿಸ್ತಾ ಬಂದಿದ್ದಾರೆ. ಸೆಟ್ಟಿಲ್ಲ, ವೇಷ ಇಲ್ಲ. ಮೇಜು, ಮೈಕು, ಕೈಯಲ್ಲಿ ಹಾಳೆ. ಓದು ಮುಗಿದ ಮೇಲೆ ಸಭಿಕರು ಮಾತಾಡಬೇಕು, ಅದೇ ಮುಖ್ಯ ಭಾಗ. ಮೊದಲ ಸಲ ಮಾತು ನಿಲ್ಲಿಸೋಕೇ ಆಗದೆ ಗಂಟೆಗಟ್ಟಲೆ ಹೋಯಿತಂತೆ. ಯೋಧ ಏಜಾಕ್ಸ್ ಹುಚ್ಚು ಕೋಪದಲ್ಲಿ ದನಕುರಿಗಳನ್ನ ಶತ್ರುಗಳೆಂದು ಕಡಿದು ಹಾಕ್ತಾನೆ, ಎಚ್ಚರ ಆದಮೇಲೆ ನಾಚಿಕೆಯಿಂದ ಪ್ರಾಣ ಕಳಕೊಳ್ತಾನೆ. ಅದನ್ನ ಕೇಳಿದ ಸೈನಿಕನಿಗೆ "ನಾನು" ಅನ್ನಬೇಕಾಗಿಲ್ಲ, "ಏಜಾಕ್ಸ್" ಅಂದ್ರೆ ಸಾಕು. ಬಾಯಿ ಬಿಡೋಕೆ ಒಂದು ಮರೆ ಸಿಗುತ್ತೆ.

ಮಂಗಳವಾರದವರೇ, ನಿಮ್ಮ ಕಥೆಯ ತೊಂದರೆ ಅದು ಗಲಭೆಯದ್ದು ಅನ್ನೋದಲ್ಲ. ತೀರಾ ಹತ್ತಿರದ್ದು. ಮರೆಯೇ ಇರಲಿಲ್ಲ.

ಬಯಲುಸೀಮಿ
ಖರೆ ಮಾತು. ಮುಸೆಕೆವೆಯಾದಾಗ ಪಂಗಡದ ಹೆಸರ ತಗಿಯಲಿಲ್ಲ ಅಂದ್ರಲ್ಲ, ಅದೂ ಅದ.

ಅಡಿಟಿಪ್ಪಣಿ
ದೂರ ಎಂದರೆ ಕಾಲದ ದೂರವೂ ಇದೆ. ಹಿಂದಿ ಲೇಖಕ ಭೀಷ್ಮ ಸಾಹನಿ 1947ರಲ್ಲಿ ರಾವಲ್ಪಿಂಡಿಯ ಗಲಭೆಯನ್ನ ಕಣ್ಣಾರೆ ಕಂಡವರು. ಅದರ ಮೇಲಿನ ಕಾದಂಬರಿ 'ತಮಸ್' ಬರೆಯೋಕೆ ಕೂತದ್ದು 1970ರ ಭಿವಂಡಿ ಗಲಭೆಯ ನಂತರ, ಅಲ್ಲಿನ ಹಾಳು ಬಿದ್ದ ಓಣಿಗಳನ್ನ ನೋಡಿ ಬಂದಮೇಲೆ. ಇಪ್ಪತ್ತು ವರ್ಷದ ಮೇಲಾಗಿತ್ತು. 1975ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ. ಅದೇ ಕಥೆ ದೂರದರ್ಶನಕ್ಕೆ ಬಂದಾಗ ನಿಲ್ಲಿಸಿ ಅಂತ ಕೋರ್ಟಿಗೆ ಹೋದರು. 1988ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ವಜಾ ಮಾಡಿತು. ನಲವತ್ತು ವರ್ಷ ಆದರೂ "ಇದನ್ನ ತೋರಿಸಿದರೆ ಮತ್ತೆ ಬೆಂಕಿ ಹತ್ತುತ್ತೆ" ಅನ್ನೋ ಭಯ ಹೋಗಿರಲಿಲ್ಲ.

ಸಂಶಯಪಿಶಾಚಿ
ಹಾಗಾದ್ರೆ ಆರು ವರ್ಷಕ್ಕೆ ಓದಿದ್ದು ಬೇಗ ಆಯ್ತು ಅಂತಾನೇ ಅರ್ಥ.

ಅಡಿಟಿಪ್ಪಣಿ
ಅಷ್ಟು ಸುಲಭಕ್ಕೆ ತೀರ್ಪು ಕೊಡಬೇಡಿ. ಉರ್ದು ಕಥೆಗಾರ ಮಂಟೋ ದೇಶ ವಿಭಜನೆಯ ಕಥೆಗಳನ್ನ ಆ ಬೆಂಕಿ ಆರುವ ಮೊದಲೇ ಬರೆದ. 1955ರಲ್ಲಿ ಸತ್ತಾಗ ವಯಸ್ಸು 42. ಕಾದಿದ್ದರೆ ನಮಗೆ ಒಂದೂ ಸಿಗುತ್ತಿರಲಿಲ್ಲ.

ಇರುಳೋದು
ಬರೆಯೋನ ಗಡಿಯಾರ ಬೇರೆ, ಕೇಳೋಳ ಗಡಿಯಾರ ಬೇರೆ. ಮಂಟೋ ಬೇಗ ಬರೆದದ್ದು ಸರಿ, ಆ ಅಮ್ಮನಿಗೂ ಬೇಗ ಓದಿ ಹೇಳಬೇಕು ಅಂತೇನಿಲ್ಲ.

ದುಭಾಷಿ
ಭಾಷೆಯ ಬಗ್ಗೆ ಇನ್ನೊಂದು ಮಾತು. 1998ರಲ್ಲಿ ಹತ್ತರಷ್ಟು ಆಫ್ರಿಕನ್ ಲೇಖಕರು ನರಮೇಧ ನಡೆದಿದ್ದ ರವಾಂಡಾಕ್ಕೆ ಹೋಗಿ, ನೋಡಿ, ಬರೆಯುವ ಯೋಜನೆ ನಡೆಯಿತು. ಸೆನೆಗಲ್‌ನ ಬೂಬಕಾರ್ ಬೋರಿಸ್ ಡಿಯೋಪ್ ಅವರಲ್ಲೊಬ್ಬರು. ಅಲ್ಲಿಯವರೆಗೆ ಫ್ರೆಂಚ್‌ನಲ್ಲಿ ಬರೆಯುತ್ತಿದ್ದವರು. 'ಮುರಾಂಬಿ' ಕಾದಂಬರಿಯನ್ನು 2000ದಲ್ಲಿ ಫ್ರೆಂಚ್‌ನಲ್ಲೇ ಪ್ರಕಟಿಸಿದರು, ಆದರೆ 2003ರಲ್ಲಿ ಬಂದ ಮುಂದಿನ ಕಾದಂಬರಿ ಅವರ ತಾಯ್ನುಡಿ ವೊಲೊಫ್‌ನಲ್ಲಿ. ಆ ಹೆಣಗಳ ಮುಂದೆ ನಿಂತು ಬಂದಮೇಲೆ ಯಾರ ಭಾಷೆಯಲ್ಲಿ ಬರೆಯಬೇಕು ಅನ್ನುವ ಪ್ರಶ್ನೆಯೇ ಅವರಿಗೆ ಬದಲಾಗಿಹೋಯಿತು. ರವಾಂಡಾ ರವಾಂಡಾದವರನ್ನಷ್ಟೇ ಅಲ್ಲ, ನೋಡಲು ಹೋದವರನ್ನೂ ಬಿಡಲಿಲ್ಲ.

ಹೊಸಬ
ಕನ್ನಡದಲ್ಲಿ 'ಸಂಧಾನ' ಸರಿಯೋ 'ಸಾಮರಸ್ಯ' ಸರಿಯೋ? ಪ್ರಬಂಧಕ್ಕೆ ಬೇಕಿತ್ತು.

ಹಳೆ ಹೊತ್ತಗೆ
ಸಂಧಾನ ಇಬ್ಬರ ನಡುವೆ ಕೂತು ಮಾಡುವುದು. ಸಾಮರಸ್ಯ ಕೂತಮೇಲೆ ಬಂದರೆ ಬಂತು. 'ರಾಜಿ' ಎಂದು ಬರೆಯಬೇಡಿ, ಅದು ಕೋರ್ಟಿನ ಹೊರಗೆ ದುಡ್ಡು ಕೊಟ್ಟು ಮುಗಿಸುವುದಕ್ಕೆ ಹೇಳುವ ಮಾತಾಗಿಬಿಟ್ಟಿದೆ.

ನಿರ್ವಾಹಕ
ಪ್ರಬಂಧದ ಪ್ರಶ್ನೆಗಳಿಗೆ ಬೇರೆ ಎಳೆ ಇದೆ. ಇಲ್ಲಿ ಬೇಡ. ಒಂದು ಹೆಸರು ಹಿಡಿದು ಬೈದಿದ್ದ ಕಾಮೆಂಟ್ ತೆಗೆದಿದ್ದೇನೆ. ನಿಮ್ಮ ಊರಿನ ಗಲಭೆಯ ಲೆಕ್ಕಾಚಾರ ಇಲ್ಲಿ ಚುಕ್ತಾ ಮಾಡಬೇಡಿ.

ಕಾಲಂ ನಂಬರ್ ಎಂಟು
ನಾಯಕರು ಕವಿತೆ ಬಳಸೋ ರೀತಿಗೂ ಒಂದು ಮಾತು. ಉತ್ತರ ಐರ್ಲೆಂಡಿನ ಸಂಘರ್ಷದ ನಡುವೆ 1990ರಲ್ಲಿ ಅಲ್ಲಿನ ಕವಿ ಸೀಮಸ್ ಹೀನಿ ಬರೆದ ನಾಟಕದಲ್ಲಿ ಭರವಸೆಯೂ ಚರಿತ್ರೆಯೂ ಪ್ರಾಸವಾಗಿ ಕೂಡುವ ಗಳಿಗೆಯ ಬಗ್ಗೆ ಒಂದು ಸಾಲಿದೆ. ಕ್ಲಿಂಟನ್ ಹೇಳಿದ್ರು, ಬೈಡನ್ ಹೇಳಿದ್ರು. ಅದೇ ಮೇಳಗೀತದ ಶುರುವಿನಲ್ಲೇ ಯಾವ ಕವಿತೆಯೂ, ನಾಟಕವೂ, ಹಾಡೂ ಆದ ಅನ್ಯಾಯವನ್ನ ಪೂರ್ತಿ ಸರಿಮಾಡಲಾರದು ಅಂತಲೂ ಹೀನಿ ಬರೆದಿದ್ದಾನೆ. ಆ ಸಾಲು ವೇದಿಕೆಗಳಲ್ಲಿ ಅಷ್ಟಾಗಿ ಕೇಳಿಬರಲ್ಲ.

ಸಂಶಯಪಿಶಾಚಿ
ಇದು ಗೊತ್ತಿರಲಿಲ್ಲ. ಹೀನಿ ನಮ್ಮ ಪಾರ್ಟಿ!

ಲೆಕ್ಕ ಪಕ್ಕಾ
ಓದೋದಷ್ಟೇ ಯಾಕೆ, ಬರೆಸೋದೂ ಇದೆ. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ವಿದ್ಯಾರ್ಥಿಗಳ ಕೈಲಿ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ನಾಟಿದ ಘಟನೆ ಬರೆಸಿದ್ರು. ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ರ ಹೋಗಿದ್ದು ಕಡಿಮೆ. ಆದ್ರೆ ಬರೆದ ಆ ಗಳಿಗೆಯಲ್ಲಿ ಮನಸ್ಸು ಇನ್ನೂ ಕೆಟ್ಟಿತ್ತು. ಇನ್ನೊಂದು ವಿಷಯ, ಬರೆದದ್ದನ್ನ ಯಾರ ಮುಂದೂ ಓದಬೇಕಾಗಿರಲಿಲ್ಲ.

ಮಂಗಳವಾರದ ಓದು
ಎಲ್ಲ ಓದಿದೆ. ಬೈದವರಿಗೂ ಥ್ಯಾಂಕ್ಸ್. ನಿನ್ನೆ ಆ ಅಮ್ಮನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. "ಒಳಗೆ ಬಾ" ಅಂದ್ರು. ಕಥೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮೊಮ್ಮಗಳ ಪರೀಕ್ಷೆ, ಮಂಡಿನೋವು. ಹೊರಡುವಾಗ "ಆ ಹಾಳೆ ನನ್ನ ಹತ್ರಾನೇ ಇದೆ" ಅಂದ್ರು. ವಾಪಸ್ ಕೊಡ್ತೀನಿ ಅಂತಲೋ, ಇಟ್ಕೋತೀನಿ ಅಂತಲೋ, ಗೊತ್ತಾಗಲಿಲ್ಲ. ಕೇಳೋಕೂ ಧೈರ್ಯ ಬರಲಿಲ್ಲ.

ಕರಾವಳಿ ಓದುಗ
ಕೇಳದ್ದೇ ಒಳ್ಳೇದಾಯ್ತು ಮಾರಾಯ್ರೆ.

ಪೆನ್ಸಿಲ್
ತಡವಾಗಿ ಬಂದೆ. ಹಾಳೆ ಅಂದಿದ್ದಕ್ಕೆ ನೆನಪಾಯ್ತು. ಇಸ್ರೇಲಿನ ಡಾನ್ ಬಾರ್-ಓನ್, ಪ್ಯಾಲೆಸ್ಟೀನಿನ ಸಾಮಿ ಅದ್ವಾನ್, ಎರಡೂ ಕಡೆಯ ಮೇಷ್ಟರುಗಳನ್ನ ಸೇರಿಸಿಕೊಂಡು ಒಂದು ಚರಿತ್ರೆ ಪುಸ್ತಕ ಮಾಡಿದ್ರು. ಒಂದೇ ಕಥೆ ಬರೆಯೋಕೆ ಆಗಲಿಲ್ಲ. ಅದಕ್ಕೆ ಪುಟದ ಒಂದು ಬದಿಗೆ ಇವರ ಚರಿತ್ರೆ, ಇನ್ನೊಂದು ಬದಿಗೆ ಅವರದ್ದು. ನಡುವೆ ಖಾಲಿ ಜಾಗ, ಓದೋ ಮಕ್ಕಳು ಬರೆಯೋಕೆ. 1948 ಒಬ್ಬರಿಗೆ ಸ್ವಾತಂತ್ರ್ಯ, ಇನ್ನೊಬ್ಬರಿಗೆ ನಕ್ಬಾ, ಅಂದ್ರೆ ಮಹಾದುರಂತ. ಎರಡೂ ಒಂದೇ ಪುಟದಲ್ಲಿ. ಆ ಪುಸ್ತಕ ಸರ್ಕಾರಿ ಪಠ್ಯ ಆಗಲಿಲ್ಲ, ಆ ನೆಲದಲ್ಲಿ ಶಾಂತಿಯೂ ಬರಲಿಲ್ಲ, ಅದು ಎಲ್ಲರಿಗೂ ಗೊತ್ತು. ನನಗೆ ಆ ಖಾಲಿ ಜಾಗ ಇಷ್ಟ.

ಕಾಲಂ ನಂಬರ್ ಎಂಟು
ಫ್ರಾನ್ಸ್, ಜರ್ಮನಿ ಇಬ್ಬರೂ ಸೇರಿ ಒಂದೇ ಚರಿತ್ರೆ ಪಠ್ಯ ತಂದ್ರು, 2006ರಲ್ಲಿ. ಯುದ್ಧ ಮುಗಿದು 61 ವರ್ಷಕ್ಕೆ.

ಬಯಲುಸೀಮಿ
ನಡುವ ಗಡಿ ತಗದ, ವ್ಯಾಪಾರ ಮಾಡಿ, ಹೊಟ್ಟಿ ತುಂಬಿದ ಮ್ಯಾಲ ಪುಸ್ತಕ. ಮೊದಲ ಪುಸ್ತಕ ಅಲ್ಲರಿ.

ಇರುಳೋದು
ಅಷ್ಟು ವರ್ಷ ಗಡಿ ದಾಟಿ ಹೋಗಿ ಬಂದ ಮಕ್ಕಳು ಬರೀ ವ್ಯಾಪಾರ ಮಾಡಿಕೊಂಡು ಬಂದ್ರಾ? ಪರಸ್ಪರರ ಭಾಷೆ ಕಲಿತು ಬಂದ್ರು. ಇದಕ್ಕೆ ಬೇರೆ ಎಳೆ ಶುರು ಮಾಡೋಣ, ಇಲ್ಲಿ ಜಗಳ ಬೇಡ.

ಮಂಗಳವಾರದ ಓದು
ಮಂಗಳವಾರದ ಸುದ್ದಿ.

ಅಮ್ಮ ಬಂದ್ರು. ಎಲ್ಲರಿಗಿಂತ ಮೊದಲೇ ಬಂದು ಕೂತಿದ್ರು. ಜೆರಾಕ್ಸ್ ಹಾಳೆ ನಾಲ್ಕಾಗಿ ಮಡಚಿ ನನ್ನ ಕೈಗಿಟ್ರು. ಮನೆ ಸುಡೋ ಭಾಗದ ಪಕ್ಕ, ಅಂಚಲ್ಲಿ, ಪೆನ್ಸಿಲ್ಲಲ್ಲಿ ಬರೆದಿದ್ರು. ಕಥೆಯಲ್ಲಿ "ಮೂರನೇ ದಿನಕ್ಕೆ ಸುಟ್ಟ ವಾಸನೆ ಹೋಗಿತ್ತು" ಅಂತ ಒಂದು ವಾಕ್ಯ ಇದೆ. ಅದಕ್ಕೆ ಗೆರೆ ಎಳೆದು: "ತಪ್ಪು. ಮಳೆ ಬಂದಾಗೆಲ್ಲ ಮತ್ತೆ ಬರುತ್ತೆ. ಎರಡು ಮಳೆಗಾಲ." ಕೆಳಗೆ ಇನ್ನೊಂದು ಸಾಲು: "ಹಿತ್ತಾಳೆ ಪಾತ್ರೆ ಕರಗಲ್ಲ, ಸೊಟ್ಟಗಾಗುತ್ತೆ." ಬೇರೇನೂ ಇಲ್ಲ.

ಎಲ್ಲರಿಗೂ ತೋರಿಸಲಾ ಅಂತ ಕೇಳಿದೆ. ಬೇಡ ಅಂದ್ರು. ಇಲ್ಲಿ ಬರೀಬಹುದಾ, ಯಾರು ಯಾವ ಊರು ಅಂತ ಹೇಳದೆ? "ಬರಿ, ಆ ಕಥೆ ಬರೆದವನಿಗೂ ತಿಳಿಸು" ಅಂದ್ರು. ಅವನು ಸತ್ತು ಎಷ್ಟೋ ಕಾಲ ಆಯ್ತು ಅಂತ ನಾನು ಹೇಳಲಿಲ್ಲ.

ಹೋದ ಸಲ ಓದಿದ ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನು ಆ ಕಡೆಯವರ ಹುಡುಗ, ಗಲಾಟೆ ಆದಾಗ ಹದಿಮೂರೋ ಹದಿನಾಲ್ಕೋ. ಅಮ್ಮ ಅವನ ಕಡೆ ತಿರುಗಿ, "ಏನೋ, ಅರ್ಧಕ್ಕೆ ಬಿಟ್ಟಿದ್ವಲ್ಲ ಪತ್ತೇದಾರಿ, ಅದು ತಂದಿದೀಯಾ? ಕೊಂದೋನು ಯಾರು ಅಂತ ಗೊತ್ತಾಗದೆ ನಿದ್ದೆ ಬರ್ತಿಲ್ಲ" ಅಂದ್ರು. ಅವನು ತಂದಿರಲಿಲ್ಲ. ಓಡಿ ಹೋಗಿ ತಂದ. ಇವತ್ತು ಮೂವತ್ತು ಪುಟ ಆಯ್ತು.

ದುಭಾಷಿ
ಹಿತ್ತಾಳೆ ಪಾತ್ರೆ.

ಸಂಶಯಪಿಶಾಚಿ
ಸಾಹಿತ್ಯದಿಂದ ಏನೋ ಆಯ್ತು ಅಂತ ನಾನು ಈಗಲೂ ಒಪ್ಪಲ್ಲ. ಆದ್ರೆ ಆ ಎರಡು ಸಾಲು ನಿಮ್ಮ ಕಥೆಗಿಂತ ಚೆನ್ನಾಗಿದೆ.

ಮಂಗಳವಾರದ ಓದು
ಅದನ್ನ ನಾನೂ ಒಪ್ತೀನಿ.

ಹೊಸಬ
ಯಾವ ಪತ್ತೇದಾರಿ ಕಾದಂಬರಿ ಅಂತ ಹೇಳಿ ಪ್ಲೀಸ್. ಕೊಂದಿದ್ದು ಯಾರು ಅಂತ ಹೇಳಬೇಡಿ.